ಬಿಸಿಲೂರಿಗೆ ಬರುವವರು ಯಾರ ಅತಿಥಿಗಳು?

ಇತಿಹಾಸಪ್ರಸಿದ್ಧ ಊರಿನಲ್ಲಿ ನೆಲೆಸಿದವನಿಗೆ ನಿವೃತ್ತಿಯ ನಂತರವೂ ಒಂದು ಹುದ್ದೆ ಕಾಯಂ ಆಗಿ ಉಳಿಯುತ್ತದೆ. ಅದು ಮಾರ್ಗದರ್ಶಿಯ ಹುದ್ದೆ. ಅದಕ್ಕೆ ವೇತನವಿಲ್ಲ, ರಜೆಯಿಲ್ಲ, ವರ್ಗಾವಣೆಯೂ ಇಲ್ಲ. ವಿಜಯಪುರದಲ್ಲಿ ಮನೆ ಮಾಡಿಕೊಂಡಿರುವ ನಾನು ಬಂಧುಗಳು, ಮಿತ್ರರು, ಮಿತ್ರರ ಬೀಗರು ಎಂದು ಯಾರು ಯಾರೊಡನೆಯೋ ಗೋಳಗುಮ್ಮಟದ ಮೆಟ್ಟಿಲು ಹತ್ತಿದ್ದೇನೆ. ಈ ಅನುಭವದಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಈ ಊರು ನೋಡಲು ಯೋಗ್ಯವಾದ ಕಾಲ ನವೆಂಬರ್‌ನಿಂದ ಫೆಬ್ರುವರಿಯವರೆಗೆ. ನಮ್ಮ ಮನೆಗೆ ಅತಿಥಿಗಳು ಬರುವ ಕಾಲ ಮಾತ್ರ ಏಪ್ರಿಲ್ ಮತ್ತು ಮೇ.

ಇದಕ್ಕೆ ಯಾರನ್ನೂ ದೂರುವಂತಿಲ್ಲ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗೆ ರಜೆ. ಮಕ್ಕಳಿಗೆ ರಜೆ ಬಂದಾಗಲೇ ತಂದೆತಾಯಿಗಳಿಗೆ ಪ್ರವಾಸದ ಯೋಗ, ಮೊಮ್ಮಕ್ಕಳು ಊರಿಗೆ ಬಂದಾಗಲೇ ಅಜ್ಜ ಅಜ್ಜಿಯರಿಗೆ ಉತ್ಸಾಹ. ವಿದೇಶಿ ಪ್ರವಾಸಿ ಋತುವನ್ನು ಆರಿಸಿಕೊಂಡು ಬರುತ್ತಾನೆ. ನಮ್ಮ ಮಧ್ಯಮ ವರ್ಗದ ಕುಟುಂಬಕ್ಕೆ ಆ ಆಯ್ಕೆ ಇಲ್ಲ. ಹೀಗಾಗಿ ಉತ್ತರ ಕರ್ನಾಟಕದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳೇ ನಾಡಿನ ಜನರು ತಮ್ಮ ಚರಿತ್ರೆಯನ್ನು ನೋಡಲು ಹೊರಡುವ ದಿನಗಳೂ ಆಗಿವೆ.

ಕಳೆದ ಮೇ ತಿಂಗಳ ಎರಡನೆಯ ಶನಿವಾರ ಬೆಂಗಳೂರಿನಿಂದ ನನ್ನ ಇಬ್ಬರು ಹಳೆಯ ಸಹಪಾಠಿಗಳು ಸಪತ್ನೀಕರಾಗಿ ಬಂದರು. ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ನಾವು ಮೂವರೂ ಒಂದೇ ಹಾಸ್ಟೆಲಿನಲ್ಲಿದ್ದವರು. ಜೊತೆಗೆ ಹನ್ನೆರಡು ವರ್ಷದ ಮೊಮ್ಮಗನೊಬ್ಬ. ಗೆಳೆಯರಲ್ಲಿ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಗಿದೆ. ಎರಡು ದಿನಗಳ ಕಾರ್ಯಕ್ರಮವನ್ನು ಬಿಸಿಲಿನ ಅಪ್ಪಣೆ ಪಡೆದೇ ರೂಪಿಸಬೇಕಿತ್ತು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಒಂದು ಸುತ್ತು, ಸಂಜೆ ಐದರ ನಂತರ ಇನ್ನೊಂದು ಸುತ್ತು. ನಡುವಿನ ಏಳೆಂಟು ಗಂಟೆ ಮನೆಯೊಳಗೇ. ಬಂದವರಿಗೆ ಮೊದಲು ಬೆಲ್ಲ ನೀರು, ಮಧ್ಯಾಹ್ನಕ್ಕೆ ಜೋಳದ ನುಚ್ಚು, ಮಜ್ಜಿಗೆ, ಶೇಂಗಾ ಚಟ್ನಿ. ಎಣ್ಣೆಗಾಯಿ, ರೊಟ್ಟಿ ರಾತ್ರಿಗೆ. ಈ ಭಾಗದ ಮನೆಗಳಲ್ಲಿ ಬೇಸಿಗೆಯ ಆತಿಥ್ಯವೆಂದರೆ ಇಷ್ಟೇ. ನೆರಳು, ನೀರು, ಹಗುರವಾದ ಊಟ, ವಿಶ್ರಾಂತಿಗೆ ಅವಕಾಶ. ಇದರಲ್ಲಿ ದುಬಾರಿಯಾದದ್ದು ಏನೂ ಇಲ್ಲ.

ಶನಿವಾರ ಸಂಜೆ ಇಬ್ರಾಹಿಂ ರೋಜಾಕ್ಕೆ ಹೋದೆವು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ ಇದು. ಸಂಗೀತಪ್ರಿಯನಾದ ಈ ಅರಸ 'ಕಿತಾಬ್-ಎ-ನೌರಸ್' ಎಂಬ ದಖನಿ ಗೀತೆಗಳ ಸಂಗ್ರಹದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆ. ಎತ್ತರದ ಜಗುಲಿಯ ಮೇಲೆ ಒಂದು ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ನೀರಿನ ಕೊಳ. ಕಲ್ಲಿನಲ್ಲಿ ಕೊರೆದ ಅಕ್ಷರಗಳೇ ಕಿಟಕಿಯ ಜಾಲಂಧ್ರಗಳಾಗಿವೆ. ಬಿಸಿಲನ್ನು ಸೋಸಿ ಬೆಳಕನ್ನಷ್ಟೇ ಒಳಗೆ ಬಿಡುವ ಏರ್ಪಾಡು ಅದು. ನಮ್ಮಂಥವರಿಗೆ ಸ್ವಾರಸ್ಯವಾಗಿ ಕಂಡದ್ದು ಇಲ್ಲಿನ ಪಾರಸಿ ಶಾಸನದ ಲೆಕ್ಕಪತ್ರ. ಕಟ್ಟಡಕ್ಕೆ ತಗುಲಿದ ವೆಚ್ಚ ಒಂದೂವರೆ ಲಕ್ಷ ಹೊನ್ನು, ಮೇಲೆ 900 ಎಂದು ಅದು ನಮೂದಿಸುತ್ತದೆ. 'ಆ 900ನ್ನು ಬಿಟ್ಟಿಲ್ಲ ನೋಡು. ಲೆಕ್ಕಪರಿಶೋಧಕರು ಆಗಲೂ ಬಿಗಿಯಾಗಿದ್ದರು' ಎಂದು ಗೆಳೆಯರು ನಕ್ಕರು. ಅಲ್ಲಿಂದ ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಹೋದಾಗ ಸೂರ್ಯ ಇಳಿಯುತ್ತಿದ್ದ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ಲೋಹರಾಶಿ ಎಂಥ ಬಿಸಿಲಿನಲ್ಲೂ ತಣ್ಣಗಿರುತ್ತದೆ ಎಂಬ ಪ್ರತೀತಿ ಊರಲ್ಲಿದೆ. ಹುಡುಗ ಕೈಯಿಟ್ಟು ನೋಡಿ, 'ಅಷ್ಟೇನೂ ತಣ್ಣಗಿಲ್ಲ, ಅಜ್ಜಾ' ಎಂದ.

ಭಾನುವಾರ ಬೆಳ್ಳಂಬೆಳಿಗ್ಗೆ ಗೋಳಗುಮ್ಮಟ. ಮೊಹಮ್ಮದ್ ಆದಿಲ್‌ಶಾಹನ ಈ ಸಮಾಧಿಯ ಕೆಲಸ ನಿಂತದ್ದು ಅವನು ತೀರಿಕೊಂಡ 1656ರಲ್ಲಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಒಳಗೆ ಒಂದು ಕಂಬವೂ ಇಲ್ಲದೆ, ಪರಸ್ಪರ ಛೇದಿಸುವ ಕಮಾನುಗಳ ಮೇಲೆ ನಿಲ್ಲಿಸಿದ್ದಾರೆ. ಗೋಡೆಗಳ ದಪ್ಪ ಹತ್ತು ಅಡಿ. ಹೊರಗೆ ಬೆಂಕಿಯಿದ್ದರೂ ಒಳಗಿನ ನೆಲ ತಂಪು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಶಸ್ತ್ರಚಿಕಿತ್ಸೆಯಾದ ಗೆಳೆಯರು ಹತ್ತುವಂತಿರಲಿಲ್ಲ. ಅವರು ಕೆಳಗೇ ಕುಳಿತರು. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಜನಸಂದಣಿ ಇನ್ನೂ ಸೇರಿರಲಿಲ್ಲ. ಅಜ್ಜಿ ಈ ತುದಿಯಲ್ಲಿ ಗೋಡೆಗೆ ಮುಖವಿಟ್ಟು ಮೆಲ್ಲಗೆ ಕರೆದರೆ ಆ ತುದಿಯ ಮೊಮ್ಮಗನಿಗೆ ಪಕ್ಕದಲ್ಲೇ ಕರೆದಂತೆ ಕೇಳಿಸಿತು. ಒಂಬತ್ತರ ನಂತರ ಇಲ್ಲಿ ಕೂಗಾಟದ ಹೊರತು ಬೇರೇನೂ ಕೇಳಿಸದು. ಈ ಕಟ್ಟಡದ ನಿಜವಾದ ವಿಸ್ಮಯವನ್ನು ಅನುಭವಿಸಬೇಕಾದರೆ ಬೇಗ ಬರಬೇಕು. ಬೇಗ ಬರಬೇಕಾದರೆ ಹಿಂದಿನ ರಾತ್ರಿ ಊರಲ್ಲಿ ತಂಗಬೇಕು. ಈ ಅಂಶಕ್ಕೆ ಮುಂದೆ ಬರುತ್ತೇನೆ.

ಹಿಂತಿರುಗುವ ದಾರಿಯಲ್ಲಿ ಇನ್ನೊಂದು ಸ್ಮಾರಕದ ಬಾಗಿಲ ಬಳಿ ಒಂದು ಬಸ್ಸು ಆಗತಾನೆ ಬಂದು ನಿಂತಿತ್ತು. ದೂರದ ಜಿಲ್ಲೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು. ಸುಮಾರು ನಲವತ್ತು ಮಂದಿ. ಹೆಚ್ಚಿನವರು ಮಹಿಳೆಯರು, ಮಕ್ಕಳು. ಅವರ ಗುಂಪಿನ ವೃದ್ಧೆಯೊಬ್ಬರು ಗೋಡೆಯಂಚಿನ ಒಂದು ಮೊಳ ನೆರಳಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಸಿದಂತೆ ಕುಳಿತಿದ್ದರು. ಕುಡಿಯುವ ನೀರು ಎಂಬ ಫಲಕದ ಕೆಳಗಿನ ನಲ್ಲಿ ಒಣಗಿತ್ತು. ನಮ್ಮ ಕಾರಿನಲ್ಲಿದ್ದ ನೀರಿನ ಕ್ಯಾನನ್ನು ಇಳಿಸಿ, ಅವರ ಮುಖಕ್ಕೆ ತಣ್ಣೀರು ಹಚ್ಚಿ, ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದೆವು. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಕಾವಲುಗಾರ ಬಂದು, 'ದಿನಾ ಒಬ್ಬರೋ ಇಬ್ಬರೋ ಹಿಂಗ ಆಗ್ತಾರ್ರಿ ಸಾಹೇಬ್ರ. ನಮಗೂ ಕುಡಿಲಿಕ್ಕೆ ನೀರು ಮನಿಯಿಂದನ ತರಬೇಕು' ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಹೇಳಿದನಷ್ಟೇ.

ಮನೆಗೆ ಬಂದ ಮೇಲೆ ಗೆಳೆಯರು ಕೇಳಿದರು: 'ನಾವು ನಿನ್ನ ಅತಿಥಿಗಳು, ಸರಿ. ಆ ಬಸ್ಸಿನವರು ಯಾರ ಅತಿಥಿಗಳು?'

ಈ ಪ್ರಶ್ನೆಗೆ ಈ ಊರಿನ ಚರಿತ್ರೆಯೇ ಒಂದು ಉತ್ತರ ಕೊಟ್ಟಿದೆ. 1620ರಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೋಡಿ. ಅದು ಬರಿಯ ಬಾವಿಯಲ್ಲ. ನೀರಿನ ಇಕ್ಕೆಲಗಳಲ್ಲಿ ದಾರಿಹೋಕರು ತಂಗಲು ಕಟ್ಟಿದ ಸಾಲುಮನೆಗಳಿವೆ. ಬಿಸಿಲಿನಲ್ಲಿ ದಣಿದು ಬಂದ ಅಪರಿಚಿತನಿಗೆ ಊರಿನ ಹೆಬ್ಬಾಗಿಲ ಬಳಿಯೇ ನೀರು, ನೆರಳು, ವಿಶ್ರಾಂತಿ ಮೂರೂ ಒಂದೆಡೆ ಸಿಗಬೇಕು ಎಂಬ ಯೋಜನೆ ಅದರಲ್ಲಿದೆ. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ, ಆಳದಲ್ಲಿ ಹೂಳಿದ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಸಿದರು. ಒತ್ತಡದಿಂದ ಕೊಳವೆ ಒಡೆಯದಿರಲಿ, ಕೆಸರು ತಳದಲ್ಲಿ ನಿಲ್ಲಲಿ ಎಂದು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಪ್ರವಾಸಿಗರು ಅವುಗಳನ್ನು ನೋಡುವುದಿಲ್ಲ, ನಾವು ತೋರಿಸುವುದೂ ಇಲ್ಲ. ಗುಮ್ಮಟ ಅರಸನ ಕೀರ್ತಿಗಾಗಿ ಕಟ್ಟಿದ್ದು. ಈ ಕೊಳವೆಗಳು ಊರಿನ ಬಾಯಾರಿಕೆಗಾಗಿ ಹಾಕಿದ್ದು. ಇಂದು ಕೃಷ್ಣೆಯ ನೀರು ಊರಿಗೆ ಬರುತ್ತಿರುವಾಗ ಸ್ಮಾರಕದ ಬಾಗಿಲಿನ ನಲ್ಲಿಯೊಂದು ಮೇ ತಿಂಗಳಲ್ಲಿ ಒಣಗಿರುವುದಕ್ಕೆ ನೀರಿನ ಅಭಾವ ಕಾರಣವಾಗಲಾರದು. ಅದನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬುದು ಸ್ಪಷ್ಟವಿಲ್ಲದಿರುವುದೇ ಕಾರಣ. ಕಟ್ಟಡ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ನೀರು ಸ್ಥಳೀಯ ಸಂಸ್ಥೆಯದು, ಪ್ರವಾಸಿಗರು ರಾಜ್ಯದ ಪ್ರವಾಸೋದ್ಯಮ ಇಲಾಖೆಯವರು. ಮೂರು ಕಡತಗಳ ನಡುವೆ ಒಂದು ನಲ್ಲಿ.

ಸರ್ಕಾರಕ್ಕೆ ಬಿಸಿಲಿನ ಅರಿವಿಲ್ಲ ಎನ್ನುವಂತಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಬಹುಕಾಲದಿಂದ ಇದೆ. ಸೂರಿನ ಕೆಳಗೆ, ಫ್ಯಾನಿನ ಅಡಿಯಲ್ಲಿ ಕೂರುವ ನೌಕರನಿಗೆ ಈ ರಿಯಾಯಿತಿ ಬೇಕೆಂದು ಒಪ್ಪಿದ ಮೇಲೆ, ಬಯಲಿನಲ್ಲಿ ಕಲ್ಲಿನ ಮೇಲೆ ನಡೆಯುವ ಪ್ರವಾಸಿಗೆ, ಅಲ್ಲೇ ದಿನವಿಡೀ ನಿಲ್ಲುವ ಕಾವಲುಗಾರನಿಗೆ, ಹುಲ್ಲು ಕತ್ತರಿಸುವ ಮಾಲಿಗೆ ಅದೇ ತರ್ಕ ಅನ್ವಯಿಸಬೇಡವೇ?

ಸಂಜೆಯ ಹೊತ್ತು ಸ್ಮಾರಕಗಳನ್ನು ತೆರೆದಿಡುವುದೂ ಹೊಸ ಆಲೋಚನೆಯಲ್ಲ. 2019ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯವು ದೇಶದ ಹತ್ತು ಸ್ಮಾರಕಗಳ ವೀಕ್ಷಣಾ ಅವಧಿಯನ್ನು ರಾತ್ರಿ 9ರವರೆಗೆ ವಿಸ್ತರಿಸುವುದಾಗಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ಕರ್ನಾಟಕದ ಎರಡು ಹೆಸರುಗಳಿದ್ದವು: ಪಟ್ಟದಕಲ್ಲು ಮತ್ತು ನಮ್ಮ ಗೋಳಗುಮ್ಮಟ. ತತ್ವವನ್ನು ಆಗಲೇ ಒಪ್ಪಿಯಾಗಿದೆ. ಆದರೆ ಪ್ರವಾಸಿ ಒಂದು ಕಟ್ಟಡಕ್ಕಾಗಿ ಊರಲ್ಲಿ ಉಳಿಯುವುದಿಲ್ಲ. ಇಬ್ರಾಹಿಂ ರೋಜಾ, ಬಾರಾ ಕಮಾನ್, ತಾಜ್ ಬಾವಡಿ, ಜುಮ್ಮಾ ಮಸೀದಿಯ ಪರಿಸರ ಎಲ್ಲವನ್ನೂ ಸೇರಿಸಿಕೊಂಡ ಒಂದು ಬೇಸಿಗೆ ವೇಳಾಪಟ್ಟಿ ಬೇಕು. ಅದಕ್ಕೆ ತಕ್ಕ ದೀಪ, ಸಿಬ್ಬಂದಿ, ವಾಹನ, ಶೌಚಾಲಯ ಬೇಕು. ಇವಿಲ್ಲದೆ ಅವಧಿ ವಿಸ್ತರಣೆ ಫಲಕದ ಮೇಲಿನ ಅಕ್ಷರವಾಗಿಯೇ ಉಳಿಯುತ್ತದೆ.

ಇದರ ಆರ್ಥಿಕ ಮುಖವೂ ಗಮನಾರ್ಹ. 2018ರಲ್ಲಿ ಪರಿಷ್ಕರಿಸಿದ ದರದಂತೆ ಗೋಳಗುಮ್ಮಟದ ಪ್ರವೇಶ ಶುಲ್ಕ ಭಾರತೀಯರಿಗೆ 25 ರೂಪಾಯಿ. ಬೆಳಿಗ್ಗೆ ಏಳಕ್ಕೆ ಬಂದವನೂ ಮಧ್ಯಾಹ್ನ ಒಂದಕ್ಕೆ ಬಂದವನೂ ಅಷ್ಟನ್ನೇ ಕೊಡುತ್ತಾನೆ. ಆದರೆ ಎರಡನೆಯವನು ತನ್ನ ದೇಹದಿಂದ ತೆರುವ ಬೆಲೆ ಬೇರೆಯೇ. ಮಧ್ಯಾಹ್ನದ ಬಿಸಿಲಿಗೆ ಬೆದರಿದ ಬಸ್ಸು ಎರಡು ಕಡೆ ಇಣುಕಿ, ಊಟ ಮುಗಿಸಿ, ಮುಂದಿನ ಊರಿಗೆ ಹೊರಟುಬಿಡುತ್ತದೆ. ಅದೇ ಬಸ್ಸಿನವರಿಗೆ ಹಗಲು ವಿಶ್ರಮಿಸಲು ತಂಪಾದ ಜಾಗ, ಸಂಜೆ ನೋಡಲು ನಾಲ್ಕು ಸ್ಮಾರಕ ದೊರೆತರೆ ಅವರು ರಾತ್ರಿ ಉಳಿಯುತ್ತಾರೆ. ಉಳಿದವರು ಮರುದಿನ ಬೆಳಿಗ್ಗೆ ಆರಕ್ಕೇ ಗುಮ್ಮಟದ ಬಾಗಿಲಲ್ಲಿರುತ್ತಾರೆ. ಒಂದು ರಾತ್ರಿಯ ವಾಸ್ತವ್ಯದಿಂದ ವಸತಿಗೃಹಕ್ಕೆ, ಖಾನಾವಳಿಗೆ, ಟಾಂಗಾದವನಿಗೆ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಸಿಗುವ ಆದಾಯದ ಮುಂದೆ ನೂರು ಮಣ್ಣಿನ ಹರವಿಗಳ, ನಾಲ್ಕು ಚಪ್ಪರಗಳ ಖರ್ಚು ಯಾವ ಲೆಕ್ಕ? ಪ್ರವಾಸೋದ್ಯಮದ ಚರ್ಚೆಯಲ್ಲಿ ನಾವು ಬರುವವರ ಸಂಖ್ಯೆಯನ್ನು ಎಣಿಸುತ್ತೇವೆ. ಎಷ್ಟು ಹೊತ್ತು ಉಳಿದರು, ಹೇಗೆ ಹಿಂತಿರುಗಿದರು ಎಂಬುದನ್ನು ಎಣಿಸುವುದಿಲ್ಲ.

ಆಗಬೇಕಾದದ್ದು ಹೆಚ್ಚೇನಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲ ಪ್ರಮುಖ ಸ್ಮಾರಕಗಳನ್ನು ಸೂರ್ಯೋದಯಕ್ಕೇ ತೆರೆದು ಸಂಜೆಯ ಅವಧಿಯನ್ನು ಹೆಚ್ಚಿಸಬೇಕು. ಪ್ರತಿ ಬಾಗಿಲಲ್ಲೂ ನೀರು, ನೆರಳು, ಉಪ್ಪು ಸಕ್ಕರೆಯ ಪುಡಿ, ಪ್ರಥಮ ಚಿಕಿತ್ಸೆ ತಿಳಿದ ಒಬ್ಬ ವ್ಯಕ್ತಿ ಇರಬೇಕು. ಪಾದರಕ್ಷೆ ಬಿಡಬೇಕಾದ ಕಡೆ ನಾರಿನ ಹಾಸು ಹಾಕಬೇಕು. ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ನೀಡಿದ ದಿನ ಅದು ಟಿಕೆಟ್ ಕಿಟಕಿಯ ಮುಂದೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣಬೇಕು. ರಜೆಯಲ್ಲಿ ಖಾಲಿಯಿರುವ ಶಾಲಾ ಕಟ್ಟಡಗಳನ್ನು ಹಗಲಿನ ತಂಗುದಾಣಗಳನ್ನಾಗಿ ಬಳಸಬಹುದು. ಇವೆಲ್ಲವನ್ನೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ಇಲಾಖೆಗಳ ಒಂದು ಸಭೆ ತೀರ್ಮಾನಿಸಬಹುದು. ಅಂಥ ಸಭೆಗಳಲ್ಲಿ ವರ್ಷಗಟ್ಟಲೆ ಕುಳಿತವನಾಗಿ ಹೇಳುತ್ತೇನೆ, ಇದು ಒಂದು ಮಧ್ಯಾಹ್ನದ ಕೆಲಸ.

ಕಚೇರಿ ವೇಳೆ ಬದಲಾವಣೆಯ ಆದೇಶ ಪ್ರತಿ ಬೇಸಿಗೆಯಲ್ಲೂ ಹೊರಡುತ್ತದೆ. ಮುಂದಿನ ಬೇಸಿಗೆಯಲ್ಲಿ ಅದರ ಕೆಳಗೆ ಸ್ಮಾರಕಗಳ ಬಗ್ಗೆಯೂ ನಾಲ್ಕು ಸಾಲು ಸೇರಲಿ. ಮಾರ್ಚ್ ಮುಗಿಯುವುದರೊಳಗೆ ಸೇರಿದರೆ ಶಾಲೆಗಳಿಗೆ ರಜೆ ಬರುವ ಹೊತ್ತಿಗೆ ಆ ನಲ್ಲಿಯಲ್ಲಿ ನೀರು ಬರುವಂತೆ ಮಾಡಲು ಸಮಯ ಸಿಗುತ್ತದೆ.