ಲಾರಿಯವರ ಲೆಕ್ಕದ ಪುಸ್ತಕದಲ್ಲಿ ಸಿಕ್ಕ ಸೂತ್ರ

ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಮೋಟಾರ್‌ಹೋಮು, ಟೆಂಪೋ ಟ್ರಾವೆಲರಿನ ಸೀಟು ಕಿತ್ತು ಹಾಸಿಗೆ, ಒಲೆ ಕೂರಿಸಿದ ವ್ಯಾನು, ಕಾರಿನ ಹಿಂದೆ ಎಳೆದೊಯ್ಯುವ ಟ್ರೈಲರು. ಮೂರರಲ್ಲಿ ಯಾವುದರ ರಿಪೇರಿ ಅಗ್ಗ? ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಹಂಪಿ, ಬಾದಾಮಿ ಸುತ್ತಿಬರುವ ಆಸೆಯವರು ಹೀಗೆ ಕೇಳಿದರೆ ಗ್ಯಾರೇಜಿಗೊಂದು ಉತ್ತರ ಸಿಕ್ಕೀತು. ಲೆಕ್ಕ ಹಾಕುವ ದಾರಿ ಮಾತ್ರ ಐವತ್ತು ವರ್ಷದ ಹಿಂದೆಯೇ ಕೀನ್ಯಾದಲ್ಲಿ ಸಿಕ್ಕಿತ್ತು.

ರಸ್ತೆಗೆ ಸಾಲ ಕೊಡುತ್ತಿದ್ದ ವಿಶ್ವಬ್ಯಾಂಕಿಗೆ, ಕೆಟ್ಟ ರಸ್ತೆಯಿಂದ ವಾಹನದವನಿಗೆ ಎಷ್ಟು ನಷ್ಟ ಎಂಬುದು ತಿಳಿಯಬೇಕಿತ್ತು. ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾಲಯದವರು 1970ರ ದಶಕದ ಆರಂಭದಲ್ಲಿ ಕೀನ್ಯಾಕ್ಕೆ ಹೋಗಿ ಲಾರಿ, ಬಸ್ಸು, ಕಾರಿನ ಮಾಲೀಕರ ಖರ್ಚಿನ ಲೆಕ್ಕ ತೆಗೆಸಿದರು. ತೊಡಕು ಅಲ್ಲೇ ಎದುರಾಯಿತು. ಲಾರಿಯ ಬಿಡಿಭಾಗದ ಬೆಲೆಯನ್ನು ಕಾರಿನದಕ್ಕೆ ಹೋಲಿಸುವುದು ಹೇಗೆ? ಅವರು ಬಿಡಿಭಾಗದ ಖರ್ಚನ್ನು ಅದೇ ವಾಹನದ ಹೊಸ ಬೆಲೆಯಿಂದ ಭಾಗಿಸಿದರು. ಆಗ ಬೇರೆ ಬೇರೆ ಗಾತ್ರದ ಗಾಡಿಗಳು ಒಂದೇ ತಕ್ಕಡಿಗೆ ಬಂದವು. ಖರ್ಚು ಏರುತ್ತಿದ್ದದ್ದು ಎರಡರಿಂದ: ರಸ್ತೆಯ ಒರಟುತನ, ಗಾಡಿ ಅದುವರೆಗೆ ಓಡಿದ ಕಿಲೋಮೀಟರು. 1975ರಲ್ಲಿ ವರದಿ ಹೊರಬಿತ್ತು.

ಭಾರತದಲ್ಲಿ 1977ರಿಂದ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಇದೇ ಕೆಲಸ ಕೈಗೆತ್ತಿಕೊಂಡಿತು. ಒರಟುತನ ಅಳೆಯಲು ಬಂಪ್ ಇಂಟಿಗ್ರೇಟರ್ ಇತ್ತು. ಒಂಟಿ ಗಾಲಿಯ ಈ ಗಾಡಿಯನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಜೀಪಿನ ಹಿಂದೆ ಎಳೆದರೆ ಅದು ರಸ್ತೆಯ ಕುಲುಕಾಟವನ್ನೆಲ್ಲ ಕೂಡಿಸಿಡುತ್ತದೆ. ನಮ್ಮ ರಸ್ತೆಗಳೂ ಕೀನ್ಯಾದ ಮಾತನ್ನೇ ಹೇಳಿದವು. ಆದರೆ ದೇಶಕ್ಕೊಂದು ಯಂತ್ರ, ಯಂತ್ರಕ್ಕೊಂದು ಅಳತೆ. 1982ರಲ್ಲಿ ಬ್ರೆಜಿಲ್‌ನ ರಾಜಧಾನಿಯ ಸುತ್ತಲಿನ 49 ರಸ್ತೆ ತುಣುಕುಗಳ ಮೇಲೆ ಹಲವು ದೇಶಗಳ ಯಂತ್ರಗಳನ್ನು ಓಡಿಸಿ ನೋಡಿದ ಮೇಲೆಯೇ ಅಂತಾರಾಷ್ಟ್ರೀಯ ಒರಟುತನ ಸೂಚ್ಯಂಕ ಹುಟ್ಟಿದ್ದು.

ರಸ್ತೆಯನ್ನು ಒರಟು ಮಾಡುವವರು ಯಾರು? ಕೀನ್ಯಾದ ಲೆಕ್ಕಕ್ಕೂ ಮುಂಚೆ, 1958ರಿಂದ 1960ರವರೆಗೆ, ಅಮೆರಿಕದ ಇಲಿನಾಯ್ಸ್‌ನಲ್ಲಿ ಸೈನಿಕರು ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿದ್ದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ 16 ಪಟ್ಟು ಎಂಬುದು ಅಲ್ಲಿ ಕಂಡದ್ದು. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿತಿಮೀರಿ ಅದಿರು ಹೇರಿದ ಲಾರಿಗಳು ಹೊಸಪೇಟೆ ರಸ್ತೆಯನ್ನು ಏನು ಮಾಡಿದವು ಎಂಬುದನ್ನು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೂ, ಊರೇ ನೋಡಿದೆ. ಅದಿರಿನವನ ಲಾಭಕ್ಕೆ ದಾರಿಹೋಕರ ಪಾಟಾ, ಬುಷ್‌ಗಳು ಬೆಲೆ ತೆತ್ತವು.

ಈಗ ಮೋಟಾರ್‌ಹೋಮಿಗೆ ಬರೋಣ. ಲಾರಿ ಸರಕು ಇಳಿಸಿ ಹಗುರಾಗಿ ವಾಪಸಾಗುತ್ತದೆ. ಇದು ಮಂಚ, ಕಪಾಟು, ನೀರಿನ ಟ್ಯಾಂಕು ಹೊತ್ತು ಹೋಗಿ ಅವನ್ನೇ ಹೊತ್ತು ಬರುತ್ತದೆ. ಟೈರು, ಸಸ್ಪೆನ್ಷನ್‌ಗೆ ಬಿಡುವೇ ಇಲ್ಲ. ಮೇಲಾಗಿ, ಕಿಲೋಮೀಟರಿನ ಲೆಕ್ಕ ಚಾಸಿಗೆ ಮಾತ್ರ. ಮನೆಯ ಭಾಗಕ್ಕೆ ವಯಸ್ಸಾಗುವುದು ಕ್ಯಾಲೆಂಡರಿನಿಂದ. ಬಳ್ಳಾರಿಯ ಬೇಸಿಗೆಯಲ್ಲಿ ಶೆಡ್ಡಿನ ಹೊರಗೆ ನಿಲ್ಲಿಸಿದರೆ, ಒಂದು ಕಿಲೋಮೀಟರೂ ಓಡಿಸದೆಯೇ ಕಿಟಕಿಯ ರಬ್ಬರು ಸೀಳುತ್ತದೆ, ಚಾವಣಿಯ ಸೀಲು ಬಿಡುತ್ತದೆ, ಬ್ಯಾಟರಿ ಸಾಯುತ್ತದೆ.

ಹೀಗಾಗಿ ಎಂಜಿನ್ನೇ ಇಲ್ಲದ ಟ್ರೈಲರಿಗೆ ಖರ್ಚೇ ಇಲ್ಲ ಎಂಬುದು ಅರ್ಧ ಸತ್ಯ: ಆಯಿಲ್, ಫಿಲ್ಟರಿನ ಗೋಜಿಲ್ಲ, ಆದರೆ ನಿಂತಲ್ಲೇ ಟೈರು ಬಿರಿಯುತ್ತದೆ, ಬೇರಿಂಗಿಗೆ ಗ್ರೀಸು ತಪ್ಪದು. ಬಸ್ ಚಾಸಿಯದ್ದು ಗಟ್ಟಿಮುಟ್ಟು. ಆದರೆ ಒಂದೊಂದು ಭಾಗವೂ ದುಬಾರಿ, ವರ್ಷಕ್ಕೆರಡು ಪ್ರವಾಸದವರಿಗೆ ಆ ಗಟ್ಟಿತನ ದಂಡ. ನನ್ನ ಮತ ವ್ಯಾನಿಗೆ. ಮದುವೆ ದಿಬ್ಬಣಕ್ಕೂ ತಿರುಪತಿ ಯಾತ್ರೆಗೂ ಓಡುವ ಗಾಡಿಯೇ ಅದು. ಸಿರುಗುಪ್ಪದಲ್ಲಿ ಕೆಟ್ಟು ನಿಂತರೂ ಅದರ ಕ್ಲಚ್ ಬಿಚ್ಚಿ ಗೊತ್ತಿರುವ ಮೇಸ್ತ್ರಿ ಸಿಗುವ ಸಂಭವ ಹೆಚ್ಚು.