ರೈಫಲ್ ಗೆರೆಯ ಚೋಕ್ ಕೊಳವೆ ಮತ್ತು ತೋಟಾಗಳ ಆಯ್ಕೆ: ಕೋವಿ ಪರವಾನಗಿದಾರರಿಗೆ ಮಾಹಿತಿ

ಬೆಳೆ ರಕ್ಷಣೆ ಅಥವಾ ಆತ್ಮರಕ್ಷಣೆಗಾಗಿ ಕೋವಿ ಪರವಾನಗಿ ಹೊಂದಿರುವ ಹಾಗೂ ಹೊಸದಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

12 ಬೋರ್ ಕೋವಿಯ ನಳಿಕೆಯ ಒಳವ್ಯಾಸವು ಸುಮಾರು 18.5 ಮಿಲಿಮೀಟರ್ ಇರುತ್ತದೆ. ಚರೆಗಳು ಬೇಗನೆ ಚದುರದಂತೆ ನಳಿಕೆಯ ತುದಿಯನ್ನು ತುಸು ಕಿರಿದುಗೊಳಿಸಿರುವುದಕ್ಕೆ ಚೋಕ್ ಎನ್ನುತ್ತಾರೆ. 40 ಗಜ ದೂರದಲ್ಲಿ 30 ಇಂಚು ವ್ಯಾಸದ ವೃತ್ತದೊಳಗೆ ಫುಲ್ ಚೋಕ್ ನಳಿಕೆಯಿಂದ ಸುಮಾರು ಶೇ. 70ರಷ್ಟು, ಚೋಕ್ ಇಲ್ಲದ ನಳಿಕೆಯಿಂದ ಸುಮಾರು ಶೇ. 40ರಷ್ಟು ಚರೆಗಳು ಬೀಳುತ್ತವೆ. ಹಳೆಯ ಜೋಡಿ ನಳಿಕೆ ಕೋವಿಗಳಲ್ಲಿ ಚೋಕ್ ನಳಿಕೆಯಲ್ಲಿಯೇ ಅಡಕವಾಗಿದ್ದು, ಇತ್ತೀಚಿನ ಹಲವು ಕೋವಿಗಳಲ್ಲಿ ತಿರುಪಿ ಕೂರಿಸುವ ಕೊಳವೆಯ ರೂಪದಲ್ಲಿರುತ್ತದೆ.

ಇಂತಹ ಕೊಳವೆಯ ಒಳಮೈಯಲ್ಲಿ ಸುರುಳಿಯಾಕಾರದ ಗೆರೆಗಳನ್ನು ಕೊರೆದಿದ್ದಲ್ಲಿ ಅದು ರೈಫಲ್ ಗೆರೆಯ ಚೋಕ್ ಕೊಳವೆ. ಹಾದುಹೋಗುವ ಗುಂಡಿಗೆ ತಿರುಗುವಿಕೆ ನೀಡಿ ಅದು ನೇರವಾಗಿ ಸಾಗುವಂತೆ ಮಾಡುವುದು ಇದರ ಉದ್ದೇಶ. ಆದ್ದರಿಂದ ಇದು ಸ್ಲಗ್ ಎಂದು ಕರೆಯಲಾಗುವ ಒಂಟಿ ಗುಂಡಿನ ತೋಟಾಗಳಿಗೆ ಮಾತ್ರ ಮೀಸಲು. ಚರೆ ತೋಟಾವನ್ನು ಇದರ ಮೂಲಕ ಹಾರಿಸಿದಲ್ಲಿ ಚರೆಗಳೂ ತಿರುಗಿ ಹೊರಕ್ಕೆ ಸಿಡಿಯುತ್ತವೆ. ನಡುವೆ ಬರಿದಾದ ಬಳೆಯಂತೆ ಹರಡಿ, ಗುರಿಯಿಟ್ಟ ಸ್ಥಳದಲ್ಲಿಯೇ ವಿರಳವಾಗುತ್ತವೆ. ಎಲ್.ಜಿ., ಎಸ್.ಜಿ. ಮೊದಲಾದ ದಪ್ಪ ಚರೆಗಳಿಗೂ ಇದು ಅನ್ವಯಿಸುತ್ತದೆ. ಉಕ್ಕಿನ ಚರೆಯನ್ನಂತೂ ಬಳಸಲೇಬಾರದು.

ಸ್ಲಗ್‌ಗಳ ವಿಷಯದಲ್ಲಿ ಹೆಸರೇ ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ರೈಫಲ್ಡ್ ಸ್ಲಗ್ ಎಂಬುದರಲ್ಲಿ ಗೆರೆಗಳಿರುವುದು ಗುಂಡಿನ ಮೇಲೆ. ಅದನ್ನು ರೂಪಿಸಿರುವುದು ನಯವಾದ ಒಳಮೈಯ ನಳಿಕೆಗಾಗಿ. ರೈಫಲ್ ಗೆರೆಯ ಕೊಳವೆಯಲ್ಲಿಯೂ ಅದನ್ನು ಹಾರಿಸಬಹುದಾದರೂ ಮೆತು ಸೀಸವು ಗೆರೆಗಳಲ್ಲಿ ಬೇಗನೆ ಮೆತ್ತಿಕೊಳ್ಳುವುದರಿಂದ ಕೊಳವೆಯನ್ನು ಆಗಾಗ್ಗೆ ಶುಚಿಗೊಳಿಸತಕ್ಕದ್ದು. ಪ್ಲಾಸ್ಟಿಕ್ ಕವಚದೊಳಗೆ ಗುಂಡನ್ನು ಇರಿಸಿದ ಸೇಬೋ ಸ್ಲಗ್‌ಗೆ ಮಾತ್ರ ಗೆರೆಗಳು ಅಗತ್ಯ. ನಯವಾದ ನಳಿಕೆಯಿಂದ ಅದು ನೇರವಾಗಿ ಸಾಗುವುದಿಲ್ಲ. ಕೆಲವೇ ಇಂಚು ಉದ್ದದ ಕೊಳವೆಯು ಪೂರ್ಣ ಗೆರೆಯುಳ್ಳ ನಳಿಕೆಗೆ ಸಮನಲ್ಲ ಎಂಬುದನ್ನೂ ಗಮನಿಸುವುದು. ಸ್ಲಗ್ ಗುಂಡು ಅರ್ಧ ಕಿಲೋಮೀಟರಿಗೂ ಮೀರಿ ಸಾಗಬಲ್ಲದು. ತೋಟ, ಗದ್ದೆಗಳ ಆಚೆ ಕೂಲಿ ಲೈನು, ರಸ್ತೆ, ಮನೆ ಇರುವಲ್ಲಿ ಗುರಿಯ ಹಿಂದೆ ಮಣ್ಣಿನ ದಿಣ್ಣೆ ಇಲ್ಲದೆ ಅದನ್ನು ಹಾರಿಸುವುದು ನೆರೆಯವರ ಪ್ರಾಣಕ್ಕೆ ಅಪಾಯಕಾರಿ.

ತಯಾರಕರಿಂದ ತಯಾರಕರಿಗೆ ಕೊಳವೆಯ ತಿರುಪಿನ ಅಳತೆ ಬೇರೆಯಾಗಿರುತ್ತದೆ. ಹೊಂದದ ಕೊಳವೆಯನ್ನು ಬಲವಂತವಾಗಿ ಕೂರಿಸಕೂಡದು. ಕೊಳವೆಯನ್ನು ತೆಗೆದು ಬರಿ ತಿರುಪಿನೊಂದಿಗೆ ಹಾರಿಸಲೂಕೂಡದು. ಕೊಳವೆ ಬದಲಾಯಿಸುವ ಮುನ್ನ ತೋಟಾಗಳನ್ನು ಹೊರತೆಗೆಯತಕ್ಕದ್ದು. ತೆಳುವಾದ ಹಳೆಯ ನಳಿಕೆಗೆ ಸ್ಥಳೀಯ ಲೇತ್ ಯಂತ್ರದಲ್ಲಿ ತಿರುಪು ಕೊರೆಸಿದಲ್ಲಿ ನಳಿಕೆ ಸಿಡಿಯುವ ಸಂಭವವಿದೆ. ಅಂತೆಯೇ, 70 ಮಿಲಿಮೀಟರಿನ ತೋಟಾ 65 ಮಿಲಿಮೀಟರಿನ ಕೋಣೆಯೊಳಗೆ ಕೂರುತ್ತದೆ ಎಂಬ ಮಾತ್ರಕ್ಕೆ ಅದು ಸುರಕ್ಷಿತವಲ್ಲ. ಸದರಿ ಅಳತೆಯು ಹಾರಿಸಿದ ನಂತರ ಬಾಯಿ ತೆರೆದ ತೋಟಾದ ಉದ್ದವಾಗಿರುತ್ತದೆ.

ಆಯುಧ ಅಧಿನಿಯಮ, 1959ರ ಪ್ರಕರಣ 13ರಲ್ಲಿ ರಕ್ಷಣೆ ಮತ್ತು ಬೆಳೆ ರಕ್ಷಣೆಯ ಸಂಬಂಧ ಹೇಳಿರುವುದು 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ಸ್ಮೂತ್ ಬೋರ್ ಕೋವಿ ಹಾಗೂ ಮೂತಿಯಿಂದ ಮದ್ದು ತುಂಬುವ ಕೋವಿಗಳ ಬಗ್ಗೆ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನು 2019ರ ತಿದ್ದುಪಡಿಯಿಂದ ಪ್ರಕರಣ 6ರ ವ್ಯಾಪ್ತಿಗೆ ತರಲಾಗಿದೆ. ಆದಕಾರಣ ಸ್ಮೂತ್ ಬೋರ್ ಎಂದು ನಮೂದಾಗಿರುವ ಕೋವಿಗೆ ರೈಫಲ್ ಗೆರೆಯ ಕೊಳವೆಯನ್ನು ಅಳವಡಿಸಲು ಇಚ್ಛಿಸುವವರು, ಖರೀದಿಗೆ ಮುನ್ನವೇ ಜಿಲ್ಲಾ ದಂಡಾಧಿಕಾರಿಗಳಿಗೆ, ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರಿಗೆ, ಕೋವಿಯ ತಯಾರಿಕೆ, ಕ್ರಮಸಂಖ್ಯೆ ಮತ್ತು ಕೊಳವೆಯ ವಿವರಗಳೊಂದಿಗೆ ಮನವಿ ಸಲ್ಲಿಸಿ ಲಿಖಿತ ಉತ್ತರ ಪಡೆಯುವುದು ಸೂಕ್ತ. ಅಂಗಡಿಯವರ ಮೌಖಿಕ ಭರವಸೆಯು ನವೀಕರಣದ ತಪಾಸಣೆಯ ವೇಳೆ ನೆರವಿಗೆ ಬರುವುದಿಲ್ಲ.

ಬೆಳೆ ರಕ್ಷಣೆಯ ಪರವಾನಗಿಯು ಕಾಡುಹಂದಿ ಮುಂತಾದ ವನ್ಯಪ್ರಾಣಿಗಳನ್ನು ಕೊಲ್ಲಲು ನೀಡಿದ ಅನುಮತಿಯಲ್ಲ. ಅದಕ್ಕೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 11ರನ್ವಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕೃತಗೊಳಿಸಿದ ಅಧಿಕಾರಿಯ ಲಿಖಿತ ಆದೇಶ ಅವಶ್ಯವಾಗಿದ್ದು, ಅರ್ಜಿಯನ್ನು ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಸಲ್ಲಿಸಬಹುದಾಗಿದೆ.