ಯೂರಿಯಾ ಪಾಳಿ ಮತ್ತು ಕಿರ್ದಿಯ ಹಿಂದಿನ ಪುಟ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ತುಂಗಭದ್ರೆಯ ಸೇತುವೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು, ಹಾಗಾಗಿ ಗಿರಾಕಿಗಳು ಎರಡೂ ದಂಡೆಯವರು. ಗೋವಿನಜೋಳ ಮೊಣಕಾಲೆತ್ತರ ಬಂದು, ಮೇಲೊಂದು ಹದ ಮಳೆ ಬಿತ್ತೆಂದರೆ ಎಲ್ಲರಿಗೂ ಅದೇ ದಿನ ಯೂರಿಯಾ ಬೇಕು. ವ್ಯಾಪಾರದ ನೀತಿ ಎಂಬ ದೊಡ್ಡ ಮಾತು ನನ್ನ ಪಾಲಿಗೆ ಪರೀಕ್ಷೆಗೆ ಬರುವುದು ಅವತ್ತು.

45 ಕಿಲೋ ಚೀಲಕ್ಕೆ ಸರ್ಕಾರದ ದರ 266 ರೂಪಾಯಿ 50 ಪೈಸೆ. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಅಪರಾಧ. ಆದರೆ ಬೆರಳಚ್ಚು ಒತ್ತಿಸಿ ಸರಿಯಾದ ದರದ ರಸೀದಿ ಕೊಟ್ಟ ಮೇಲೂ ಮೇಲಿನ ಐವತ್ತು ಕೈಯಿಂದ ಕೈಗೆ ದಾಟಬಹುದು. ಇನ್ನೊಂದು ದಾರಿ ‘ಲಿಂಕ್’: ಯೂರಿಯಾ ಬೇಕೆಂದರೆ ಜತೆಗೆ ಜಿಂಕ್ ಪೊಟ್ಟಣವನ್ನೋ ನ್ಯಾನೋ ಗೊಬ್ಬರದ ಬಾಟಲಿಯನ್ನೋ ಒಯ್ಯಲೇಬೇಕು. ವಿತರಕ ಅದನ್ನು ಅಂಗಡಿಯವನ ತಲೆಗೆ ಕಟ್ಟುತ್ತಾನೆ, ಅಂಗಡಿಯವನು ರೈತನ ತಲೆಗೆ. ಕೇಳಿದರೆ ಎಲ್ಲರ ಬೆರಳೂ ಮೇಲಿನವನ ಕಡೆಗೇ.

“ಸಾವ್ಕಾರ್ರ, ಹತ್ತಿಪ್ಪತ್ತು ಜಾಸ್ತಿ ತಗೋರಿ, ಆದ್ರ ನನಗ ಇವತ್ತ ಕೊಡ್ರಿ” ಎಂದು ರೈತನೇ ಪಾಳಿಯಿಂದ ಕೂಗುವಾಗ ವಿವೇಕ ಹುಡುಕಲು ಹೊರಟರೆ ಸಿಗುವುದು ಬರೀ ನೆಪ. ಅದಕ್ಕೇ ಯೋಚನೆಯನ್ನು ಮಳೆಗಿಂತ ಮೊದಲೇ ಮುಗಿಸಿಕೊಳ್ಳುತ್ತೇನೆ. ಎಕರೆಗೆ ಎಷ್ಟು ಚೀಲ, ಉದ್ರಿ ಯಾರಿಗೆ, ಬೀಗರಿಗೆ ಪಾಳಿ ಬಿಟ್ಟು ಕೊಡುವುದೋ ಇಲ್ಲವೋ, ಇವನ್ನೆಲ್ಲ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಕಿರ್ದಿಯ ಹಿಂದಿನ ಪುಟದಲ್ಲಿ ಬರೆದಿಡುತ್ತೇನೆ. ಹಂಗಾಮಿನಲ್ಲಿ ರಾತ್ರಿ ಗಲ್ಲಾ ಎಣಿಸಿದ ಮೇಲೆ ಆ ಪುಟ ತೆಗೆದು, ಅದರಂತೆ ನಡೆಯದ ವ್ಯವಹಾರವಿದ್ದರೆ ಹೆಸರು, ಕಾರಣ ಎರಡನ್ನೂ ಬರೆಯುವುದು. ಕಾರಣ ಬರೆಯಲು ಪೆನ್ನು ತಡವರಿಸಿತೋ, ಅಲ್ಲೇನೋ ಇದೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಮೂಲತಃ ಮುದ್ರಣದ ವ್ಯಾಪಾರಿ, 13 ಗುಣಗಳ ಪಟ್ಟಿ ಮಾಡಿಕೊಂಡು ತಪ್ಪಿದಾಗೆಲ್ಲ ಚಿಕ್ಕ ಪುಸ್ತಕದಲ್ಲಿ ಕಪ್ಪು ಚುಕ್ಕಿ ಇಡುತ್ತಿದ್ದನು. ತನ್ನ ಚುಕ್ಕಿ ತಾನೇ ಇಟ್ಟುಕೊಳ್ಳುವವರ ಮೇಲೆ ನನಗೆ ಪೂರಾ ನಂಬಿಕೆಯಿಲ್ಲ. ನಮ್ಮ ಆಯ್ದಕ್ಕಿ ಮಾರಯ್ಯನನ್ನೇ ನೋಡಿ. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸಿದ ಶರಣ ಅವನು. ಒಂದು ದಿನ ಹೆಚ್ಚಿಗೆ ತಂದಾಗ, ಇದು ನಮ್ಮ ಪಾಲಿನದಲ್ಲ, ತಂದಲ್ಲೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಅಂಥವನಿಗೇ ಹೆಚ್ಚಾದದ್ದು ಕಾಣಲಿಲ್ಲ!

ನಮ್ಮ ಮನೆಯಲ್ಲೂ ಆ ಪುಟ ಮೊದಲು ಓದುವವಳು ಹೆಂಡತಿ. ಉತಾರದಲ್ಲಿರುವ ಎಕರೆ ನೋಡಿ ಚೀಲ ಕೊಡುವುದೆಂದು ಬರೆದಿದ್ದೆ. “ಲಾವಣಿ ಮಾಡೋರು ಉತಾರ ಎಲ್ಲಿಂದ ತರಬೇಕ್ರಿ?” ಎಂದಳು. ಪಕ್ಕದ ಹೊಲದವರು ಹೂಂ ಅಂದರೆ ಸಾಕೆಂದು ತಿದ್ದಿದೆವು.

ಆದರೆ ಮನೆಯವರ ಕಣ್ಣೊಂದೇ ಸಾಲದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷವಷ್ಟೇ. ಸಹಕಾರದಲ್ಲಿ ಲೆಕ್ಕ ಸದಸ್ಯರ ಮುಂದೆ ಬರಲೇಬೇಕು. ಹಣ ಹಿಡಿದವನು ಎಷ್ಟು ಒಳ್ಳೆಯವನೆಂದು ಯಾರೂ ಅಳೆಯುತ್ತ ಕೂಡಬೇಕಿಲ್ಲ. ನನ್ನದು ಖಾಸಗಿ ಅಂಗಡಿ, ಆದರೂ ಅಷ್ಟನ್ನು ಕಡ ತಂದಿದ್ದೇನೆ. ದರ, ದಾಸ್ತಾನಿನ ಫಲಕದ ಪಕ್ಕದಲ್ಲೇ ಆ ಪುಟದ ನಕಲು ಅಂಟಿಸಿದ್ದೇನೆ. ಈಗ ನನ್ನ ಅಕ್ಕನ ಮಗ ನಡುವೆ ನುಗ್ಗಿದರೆ ಪಾಳಿಯವರೇ ಓದಿ ಹೇಳಿ ಹಿಂದಕ್ಕೆ ಕಳಿಸುತ್ತಾರೆ. ಅಕ್ಕನಿಂದ ಬೈಸಿಕೊಳ್ಳುವವನು ಮಾತ್ರ ನಾನು.